ಮಗ್ಗ ನಿಂತ ಬೀದಿ

ಏರ್‌ಪೋರ್ಟ್ ಬಂದ ಮೇಲೆ ದೊಡ್ಡಬಳ್ಳಾಪುರದ ರಂಗಪ್ಪನವರು ಸೀರೆ ಮಗ್ಗಗಳನ್ನು ಗುಜರಿಗೆ ಹಾಕಿ, ಶೆಡ್ಡನ್ನು ಪಾರ್ಟಿ ಹಾಲ್ ಮಾಡಿಸುತ್ತಿದ್ದರು. ಒಳಗೆ ಸದ್ದು ಎಷ್ಟು ಪ್ರತಿಧ್ವನಿಸುತ್ತದೆ ಅಂತ ಅಳೆಯಲು ನಾನು ಎರಡು ಪುಟ್ಟ ರೋಬೋಟ್ ಒಯ್ದಿದ್ದೆ. ಒಂದು ಸದ್ದು ಮಾಡುತ್ತದೆ, ಇನ್ನೊಂದು ಮೂಲೆಮೂಲೆಗೂ ಹೋಗಿ ಅದನ್ನು ಕೇಳಿಸಿಕೊಳ್ಳುತ್ತದೆ. ಆದರೆ ಅಕ್ಕಪಕ್ಕದ ಮನೆಗಳ ಮಗ್ಗದ ಗಲಾಟೆಯಲ್ಲಿ ಅದಕ್ಕೆ ಏನೂ ಕೇಳಿಸಲಿಲ್ಲ.

"ಸ್ವಲ್ಪ ಹೊತ್ತು ನಿಲ್ಲಿಸೋಕೆ ಹೇಳ್ತೀರಾ ಸಾರ್?" ಅಂದೆ.

ರಂಗಪ್ಪನವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಮನೆಮನೆಗೂ ಹೋಗಿ, ಯಾಕೆ ಅಂತ ಹೇಳದೆ, ಮಗ್ಗ ನಿಲ್ಲಿಸಿ ಅಂತಷ್ಟೇ ಹೇಳಿ ಬಂದರು. ಬೀದಿ ತಣ್ಣಗಾಯಿತು.

ರೋಬೋಟ್ ಶುರು ಮಾಡುವಷ್ಟರಲ್ಲಿ ಬಾಗಿಲ ತುಂಬ ಹೆಂಗಸರು. ಒಬ್ಬ ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು, "ಯಾರಪ್ಪಾ ಹೋಗಿದ್ದು?" ಅಂದರು. ಆ ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಲ್ಲುವುದು ಯಾರಾದರೂ ಸತ್ತಾಗ ಮಾತ್ರವಂತೆ.

"ಯಾರೂ ಇಲ್ಲ ಕಣವ್ವಾ, ಅಳತೆ ತಗೋತಾವ್ರೆ" ಅಂದರು ರಂಗಪ್ಪನವರು.

ಅಜ್ಜಿ ಮಗ್ಗಗಳಿಲ್ಲದ ಖಾಲಿ ಶೆಡ್ಡನ್ನೆಲ್ಲ ನೋಡಿದರು. "ಬಂದಿದ್ದೀನಲ್ಲ, ಕೂತ್ಕೊಂಡೇ ಹೋಗ್ತೀನಿ" ಅಂತ ಗೋಡೆಗೆ ಒರಗಿ ಕೂತರು. ಉಳಿದವರೂ ಕೂತರು. ಕೇಳಿಸಿಕೊಳ್ಳುವ ರೋಬೋಟ್ ಅವರನ್ನು ಸುತ್ತಿ ಬಳಸಿ ಓಡಾಡಿತು.

ಕೊನೆಗೆ, "ಪ್ರತಿಧ್ವನಿ ಜಾಸ್ತಿ ಇದೆ ಸಾರ್, ಗೋಡೆಗೆಲ್ಲ ದಪ್ಪ ಬಟ್ಟೆ ಇಳಿಬಿಡಬೇಕು" ಅಂದೆ.

ಅಷ್ಟು ವರ್ಷ ಅದೇ ಗೋಡೆಗಳ ನಡುವೆ ಸೀರೆ ನೇಯ್ದಿದ್ದ ರಂಗಪ್ಪನವರು ನನ್ನನ್ನೇ ಕೇಳಿದರು, "ಬಟ್ಟೆ ಎಲ್ಲಿ ಸಿಗ್ತದೆ ಸಾರ್?"