ವೈನಿ ಹೊಲಿದುಕೊಂಡ ಕಾಲು

ನಿನ್ನೆ ಬಂದ ಪೊಟ್ಟಣವನ್ನು ಬಿಚ್ಚಿದಾಗ ಮೊದಲು ಮೂಗಿಗೆ ಹತ್ತಿದ್ದು ಹೊಸ ರೆಗ್ಜಿನ್ನಿನ ವಾಸನೆ. ಮುಳ್ಳುಕಂಟಿಯಲ್ಲಿ ಓಡುವವರು ಕಾಲಿಗೆ ಕಟ್ಟಿಕೊಳ್ಳುವ ಗವಸುಗಳನ್ನು ತರಿಸಿದ್ದೆ. ಬೂಟಿನ ಮೇಲಿಂದ ಮೊಣಕಾಲಿನವರೆಗೆ ಮುಚ್ಚುವಂಥವು, ಮುಂಭಾಗ ದಪ್ಪ. ಆ ವಾಸನೆ ಬಂದ ಕೂಡಲೇ ಯಾಕೋ ಎದ್ದು ಹೋಗಿ ಬಾಗಿಲ ಚಿಲಕ ಹಾಕಿದೆ… ಯಲಬುರ್ಗಾದ ಈ ಬಾಡಿಗೆ ಮನೆಯಲ್ಲಿ ಇರುವವಳು ನಾನೊಬ್ಬಳೇ.

ಭಾಗ್ಯನಗರದಲ್ಲಿ ನಮ್ಮ ಪಕ್ಕದ ಮನೆಯ ಸೊಸೆಯನ್ನು ನಾನು ವೈನಿ ಎನ್ನುತ್ತಿದ್ದೆ. ಸ್ವಂತ ಅತ್ತಿಗೆಯಲ್ಲ, ಓಣಿಯ ಸಲಿಗೆ. ಕುಷ್ಟಗಿ ಕಡೆಯವರು, ಹೈಸ್ಕೂಲಿನಲ್ಲಿ ಓಟದಲ್ಲಿ ಮುಂದಿದ್ದವರು. ಮದುವೆಯಾಗಿ ಬಂದ ಮೇಲೂ ಓಡುವ ಆಸೆ ಅವರನ್ನು ಬಿಟ್ಟಿರಲಿಲ್ಲ. ರಸ್ತೆಯಲ್ಲಿ ಓಡುವ ಮಾತೇ ಇರಲಿಲ್ಲ. ಊರ ಹಿಂದಿನ ಗುಡ್ಡದ ದುರ್ಗವ್ವನಿಗೆ ಮಂಗಳವಾರ, ಶುಕ್ರವಾರ ನೀರು ಹಾಕುತ್ತೇನೆಂದು ಹರಕೆ ಹೊತ್ತರು. ಜೊತೆಗೆ ಪಿಯುಸಿ ಓದುತ್ತಿದ್ದ ನಾನು. ಸೊಸೆ ಮಗುವಿಗಾಗಿ ಬೇಡಿಕೊಳ್ಳುತ್ತಿದ್ದಾಳೆ ಎಂದು ತಿಳಿದು ಅತ್ತೆ ಸಂತೋಷದಿಂದಲೇ ಕಳಿಸುತ್ತಿದ್ದರು.

ಗುಡ್ಡದ ಕಾಲುದಾರಿಯಲ್ಲಿ ಕುರಿ ಕಾಯುವವರು, ಕಟ್ಟಿಗೆಗೆ ಬಂದ ಹೆಂಗಸರು ಇರುತ್ತಿದ್ದರು. ಅದಕ್ಕೇ ವೈನಿ ದಾರಿ ಬಿಟ್ಟು ಜಾಲಿ, ಬಾರಿ, ಕವಳಿ ಕಂಟಿಗಳ ನಡುವೆ ಓಡುತ್ತಿದ್ದರು. ಕಾಲ ಮೇಲೆ ಗೀರು ಕಂಡರೆ ಅತ್ತೆ ಕೇಳುತ್ತಾರೆ. ಕೇಳಿದರೆ ಅಲ್ಲಿಗೆ ಓಟ ಮುಗಿಯಿತು. ಗಂಡನ ಹಳೆಯ ಜೀನ್ಸ್ ಪ್ಯಾಂಟನ್ನು ಮೊಣಕಾಲಿನ ಹತ್ತಿರ ಕತ್ತರಿಸಿ, ಮುಂಭಾಗಕ್ಕೆ ಬೈಕಿನ ಸೀಟಿಗೆ ಹಾಕುವ ರೆಗ್ಜಿನ್ ಹೊಲಿದು, ಮೇಲೆ ಕೆಳಗೆ ಲಾಡಿ ಪೋಣಿಸಿ ಗವಸು ಮಾಡಿಕೊಂಡಿದ್ದರು. ಅವನ್ನು ಬಚ್ಚಿಡುತ್ತಿದ್ದುದು ನನ್ನ ಪುಸ್ತಕದ ಟ್ರಂಕಿನಲ್ಲಿ.

“ನನ್ನ ಕಾಲು ತಗೊಂಡಿಯಿಲ್ಲ?” ಎಂದು ಅಂಗಳದಿಂದಲೇ ಕೇಳುತ್ತಿದ್ದರು.

“ಹಂಗ್ಯಾಕ ಅಂತೀರಿ ವೈನಿ?”

“ಕಾಲು ಅಂದ್ರ ಯಾರಿಗೂ ತಿಳಿಯಂಗಿಲ್ಲ, ಒದರಿದ್ರೂ ನಡೀತೈತಿ. ಎಡಗಾಲು ಮರತೀ ಮತ್ತ, ಕುಂಟಕೋತ ಓಡಬೇಕಾಕ್ಕೈತಿ.”

ಗುಡಿಯ ಹಿಂದೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಗವಸು ಬಿಗಿದು ನಿಂತರೆ ಹಗಲುವೇಷದವರಂತೆ ಕಾಣುತ್ತಿದ್ದರು. ನಾನು ಬೇರೆ ಕಡೆ ಮುಖ ತಿರುಗಿಸುತ್ತಿದ್ದೆ. ಅವರು ಓಡುವಷ್ಟು ಹೊತ್ತೂ ತಂಬಿಗೆ ಹಿಡಿದು ಕಟ್ಟೆಯ ಮೇಲೆ ಕೂತು, ಕಾಲೇಜಿನವರು ಯಾರೂ ಈ ಕಡೆ ಬರದಿರಲಿ ಎಂದು ದುರ್ಗವ್ವನನ್ನು ಬೇಡುತ್ತಿದ್ದೆ. ಓಡಿ ಬಂದಾಗ ಅವರ ಮುಖ ಹೇಗಿರುತ್ತಿತ್ತು… ಎಷ್ಟು ನೆನೆದರೂ ಕಾಣುವುದಿಲ್ಲ. ಸೀರೆ ಯಾವಾಗ ಇಳಿಸುತ್ತಾರೋ ಎಂದು ನಾನು ಕಾಲುಗಳನ್ನಷ್ಟೇ ನೋಡುತ್ತಿದ್ದೆ.

ಒಂದು ಶುಕ್ರವಾರ ಅವರು ಕವಳಿ ಕಂಟಿಯಿಂದ ಹೊರಬೀಳುವುದಕ್ಕೂ ಕುರಿಗಾರರು ಕೆಲವರು ಗುಡಿಯ ಹತ್ತಿರ ಬರುವುದಕ್ಕೂ ಸರಿಹೋಯಿತು. ಹೆಂಗಸೊಬ್ಬಳು ಓಡುತ್ತಿದ್ದಾಳೆ ಎಂದರೆ ಬೆನ್ನ ಹಿಂದೆ ಯಾರೋ ಇರಲೇಬೇಕು. ಕುರಿಗಾರರು ಕೋಲು ಹಿಡಿದು ಧಾವಿಸಿದರು.

“ಯಾಕವಾ ತಂಗಿ, ಯಾಂವ ಬೆನ್ನ ಹತ್ಯಾನ?” ಎಂದು ಹಿರಿಯನೊಬ್ಬ ಕೇಳಿದ.

ವೈನಿ ಸೀರೆ ಇಳಿಬಿಟ್ಟರು. ಏದುಸಿರು ನಿಲ್ಲುತ್ತಿರಲಿಲ್ಲ. “ಯಾರಿಲ್ಲರಿ.”

“ಯಾರಿಲ್ದ ಹಿಂಗ ಓಡ್ತಾರೇನು? ಅಂಜಬ್ಯಾಡ. ಕಂಟ್ಯಾಗ ಅದಾನೇನು?”

ಹಿಂದಿದ್ದ ಹರೆಯದವನೊಬ್ಬ ನಕ್ಕ. “ಹೆಸರ ಹೇಳಾಕ ಬಾರದಂವ ಇರಬೇಕು, ಬಿಡ್ರಿ ಕಾಕಾ.”

ಆ ನಗೆಯ ಅರ್ಥ ನಮ್ಮಿಬ್ಬರಿಗೂ ಆಯಿತು. ಸುಮ್ಮನೆ ಓಡುತ್ತಿದ್ದೆ ಎಂದರೆ ನಂಬುವವರು ಅಲ್ಲಿರಲಿಲ್ಲ. ವೈನಿ ನೆಲ ನೋಡುತ್ತ “ಕರಡಿ” ಎಂದರು.

ಸಂಜೆಯೊಳಗೆ ಓಣಿಗೆಲ್ಲ ಸುದ್ದಿಯಾಯಿತು. ಗುಡ್ಡದ ಬುಡದಲ್ಲಿ ಬೋನು ಬಂತು. ಮಾವ ಕಾಯಿ ಒಡೆದರು. “ಆಕೀನ ಉಳಿಸ್ಯಾಳ. ಇನ್ನ ದುರ್ಗವ್ವಗ ಇಲ್ಲಿಂದನ ಕೈ ಮುಗಿಯವಾ” ಎಂದು ಅತ್ತೆ ಹೇಳಿದ ಮೇಲೆ ವೈನಿ ಗುಡ್ಡ ಹತ್ತಲಿಲ್ಲ. ಕೆಲವು ದಿನ ಬಿಟ್ಟು ಸಕ್ಕರೆ ಕೇಳುವ ನೆಪದಲ್ಲಿ ನಮ್ಮ ಮನೆಗೆ ಬಂದರು.

“ಕಾಲು ಅದಾವೇನು?”

“ಅದಾವ್ರಿ.”

“ಇರ್ಲಿ ಬಿಡು” ಎಂದು, ಸಕ್ಕರೆ ಇಸಿದುಕೊಳ್ಳದೆ ಹೋದರು. ನನಗೆ ಒಳಗೊಳಗೆ ಹಗುರವಾಗಿತ್ತು. ಇನ್ನು ಆ ಕಟ್ಟೆಯ ಮೇಲೆ ಕೂರಬೇಕಿರಲಿಲ್ಲ.

ಓದಲು ಧಾರವಾಡಕ್ಕೆ ಹೋದವಳು ಅಲ್ಲಿ ಓಡಲು ಶುರು ಮಾಡಿದೆ. ವೈನಿಗೆ ಒಂದು ದಿನ ಹೇಳಬೇಕು ಅಂದುಕೊಂಡೇ ವರ್ಷಗಳು ಹೋದವು…

ಹೋದ ತಿಂಗಳು ಗಂಗಾವತಿಯಲ್ಲಿ ಒಂದು ತೊಟ್ಟಿಲ ಕಾರ್ಯದಲ್ಲಿ ಅವರು ಸಿಕ್ಕರು. ಮೈ ಭಾರವಾಗಿತ್ತು, ಮೊಣಕಾಲು ನೋವೆಂದು ಕುರ್ಚಿಯಲ್ಲಿ ಕೂತಿದ್ದರು. ಸುತ್ತಲಿನ ಹೆಂಗಸರು ಕರಡಿಯ ಕತೆ ಹೇಳಿರೆಂದು ದುಂಬಾಲು ಬಿದ್ದರು.

“ಕಂಟಿ ಹಾರಿದೆ, ಬಂಡಿಗಲ್ಲ ಜಿಗದೆ. ಮುಳ್ಳು ಅನ್ಲಿಲ್ಲ, ಕಲ್ಲು ಅನ್ಲಿಲ್ಲ” ಎನ್ನುತ್ತಿದ್ದ ಅವರ ಕೈಗಳು ಗಾಳಿಯಲ್ಲಿ ಓಡುತ್ತಿದ್ದವು. “ಅವತ್ತ ಯಾರ ಕೈಯಾಗೂ ಸಿಗತಿರಲಿಲ್ಲ ನೋಡ್ರಿ ನಾ. ಬೇಕಾದ್ರ ಈಕೀನ ಕೇಳ್ರಿ, ಇದ್ಲು.”

ಕರಡಿ ಬೆನ್ನಿಗಿದ್ದದ್ದರಿಂದ ಮಾತ್ರ ಆ ಓಟವನ್ನು ಜನರ ಮುಂದೆ ಹೇಳಬಹುದಿತ್ತು. “ಹೌದ್ರಿ, ಭಾಳ ದೊಡ್ಡದಿತ್ತು” ಎಂದೆ.

ಹೆಂಗಸರು ಊಟಕ್ಕೆ ಎದ್ದ ಮೇಲೆ ನಾನು ಅವರ ಪಕ್ಕದಲ್ಲೇ ಉಳಿದೆ. ನನ್ನ ಸೀರೆಯ ಅಂಚು ತುಸು ಮೇಲೆ ಸರಿದಿತ್ತು. ಕಾಲ ಮೇಲಿನ ಹಸಿ ಗೀರನ್ನು ವೈನಿ ಬಹಳ ಹೊತ್ತು ನೋಡಿದರು. ಯಾವ ಗುಡ್ಡ, ಎಷ್ಟು ದೂರ ಎಂದು ಕೇಳುತ್ತಾರೆಂದು ಕಾದೆ. ಅವರು ಕಷ್ಟಪಟ್ಟು ಬಗ್ಗಿ ಅಂಚನ್ನು ಕೆಳಗೆ ಜಗ್ಗಿದರು.

“ಬಾರಿ ಮುಳ್ಳು” ಎಂದರು, ನನಗಷ್ಟೇ ಕೇಳುವಂತೆ. “ಸೀರಿ ಸರಿ ಮಾಡ್ಕೋ, ಕಾಣ್ತೈತಿ.”

ನಾನು ಕಾಲುಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡೆ. ಅವರೂ ಮುಂದೆ ಏನೂ ಕೇಳಲಿಲ್ಲ. ಕೇಳಬಲ್ಲವರು ಅವರೊಬ್ಬರೇ ಇದ್ದರು… ಇನ್ನು ಯಾರಿಗೂ ಹೇಳುವುದು ಉಳಿದಿಲ್ಲ. ಬೆಳಗಾಗುವ ಮೊದಲೇ ಊರ ಹೊರಗೆ ಓಡುತ್ತೇನೆ. ಎದುರಿನಿಂದ ಯಾರಾದರೂ ಬಂದರೆ ಓಟ ನಿಲ್ಲಿಸಿ, ಸೆರಗು ಹೊದ್ದವರ ಹಾಗೆ ತಲೆ ತಗ್ಗಿಸಿ ನಡೆಯತೊಡಗುತ್ತೇನೆ.