ಗೇರ್‌ಬಾಕ್ಸ್ ಮೇಸ್ತ್ರಿ

ಮೇಸ್ತ್ರಿಯ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡು ಭಾಗವಾಗಿತ್ತು. ಯಾವಾಗಲೋ ಜಾಕು ಜಾರಿ ಆದದ್ದಂತೆ. ಆ ಸೀಳಿನೊಳಗೆ ವರ್ಷಗಟ್ಟಲೆ ಇಳಿದ ಎಣ್ಣೆ ಕಪ್ಪು ಗೆರೆಯಾಗಿ ನಿಂತುಬಿಟ್ಟಿತ್ತು. ಸೋಪಿಗೂ ಹೋಗುತ್ತಿರಲಿಲ್ಲ, ಸೀಮೆಎಣ್ಣೆಗೂ ಹೋಗುತ್ತಿರಲಿಲ್ಲ. ಗೇರ್‌ಬಾಕ್ಸಿನಿಂದ ಇಳಿಸಿದ ಎಣ್ಣೆಯನ್ನು ಆ ಬೆರಳಿಗೇ ಒಂದು ತೊಟ್ಟು ಮುಟ್ಟಿಸಿಕೊಂಡು, ತೋರುಬೆರಳಿನಿಂದ ಉಜ್ಜಿ, ಮೂಗಿನ ಹತ್ತಿರ ತಂದು ಕಣ್ಣು ಮುಚ್ಚುತ್ತಿದ್ದರು. ಸುಟ್ಟ ವಾಸನೆ ಬಂದರೆ ಸ್ವಲ್ಪ ಹೊತ್ತು ಗಾಡಿಯನ್ನೇ ನೋಡುತ್ತ ನಿಲ್ಲುತ್ತಿದ್ದರು. ಬರದಿದ್ದರೆ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಮುಂದಿನ ಕೆಲಸಕ್ಕೆ ಹೋಗುತ್ತಿದ್ದರು.

ಅವರನ್ನು ನಾನು ಮೊದಲು ಕಂಡದ್ದು ಬಂಗಾರಪೇಟೆಯ ಒಂದು ಕಾರು ರಿಪೇರಿ ಶೆಡ್ಡಿನಲ್ಲಿ. ಅಲ್ಲಿ ನನ್ನದು ಬರೆಯುವ ಕೆಲಸ. ಬಂದ ಒಂದೊಂದು ಗಾಡಿಗೂ ಒಂದು ಕಾರ್ಡು: ಏನು ತೊಂದರೆ, ಯಾರು ನೋಡಿದರು, ಏನು ಹಾಕಿದರು. ಚಿಕ್ಕಂದಿನಲ್ಲಿ ಜ್ವರ ಬಂದು ನನ್ನ ಎಡಗಾಲು ಸೊರಗಿಹೋಗಿದೆ. ನಿಂತು ಮಾಡುವ ಕೆಲಸ ಆಗುವುದಿಲ್ಲ. ರಾಬರ್ಟ್‌ಸನ್‌ಪೇಟೆಯ ಬಟ್ಟೆ ಅಂಗಡಿಗಳಲ್ಲಿ ಕೇಳಿ ಕೇಳಿ ಸಾಕಾಗಿದ್ದಾಗ ಸಿಕ್ಕ ಕುರ್ಚಿ ಅದು.

ಮೇಸ್ತ್ರಿ ಇದ್ದದ್ದು ಚಿನ್ನದ ಗಣಿಯ ಊರಲ್ಲಿ, ಮೈಸೂರು ಮೈನ್ಸಿನ ಹಳೆಯ ಕ್ವಾರ್ಟರ್ಸಿನಲ್ಲಿ. ಅವರ ತಂದೆ ಕ್ಯಾಸಂಬಳ್ಳಿ ಕಡೆಯ ಹಳ್ಳಿಯಿಂದ ಗಣಿ ಕೆಲಸಕ್ಕೆ ಬಂದು ಅಲ್ಲೇ ಉಳಿದವರು. ಬೆಳಗಿನ ರೈಲಿಗೆ ಮೇಸ್ತ್ರಿ ಮಾರಿಕುಪ್ಪಂನಲ್ಲಿ ಹತ್ತಿದರೆ ನಾನು ಉರಿಗಾಂನಲ್ಲಿ ಹತ್ತುತ್ತಿದ್ದೆ. ಅಷ್ಟರಲ್ಲಿ ಬೋಗಿ ತುಂಬಿರುತ್ತಿತ್ತು. ಅವರು ತಮ್ಮ ಪಕ್ಕದಲ್ಲಿ ಊಟದ ಡಬ್ಬಿ ಇಟ್ಟು ಜಾಗ ಹಿಡಿದಿರುತ್ತಿದ್ದರು. ನಾನು ಬಂದ ಕೂಡಲೇ ಡಬ್ಬಿ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯ ಆಚೆ ನೋಡುತ್ತ ಕೂರುವರು. ಕಾಲಿನ ವಿಷಯ ಅವರು ಎಂದೂ ಎತ್ತಲಿಲ್ಲ. ಯಾರಾದರೂ ಜಾಗ ಕೇಳಿದರೆ, ಆಳು ಬರುತ್ತಾರೆ ಎಂದು ಮಾತ್ರ ತಮಿಳಿನಲ್ಲಿ ಹೇಳುತ್ತಿದ್ದರಂತೆ.

ಶೆಡ್ಡಿನಲ್ಲಿ ಗೇರು ತಾನೇ ಬದಲಾಗುವ ಗಾಡಿ ಬಂದರೆ ಅದು ಅವರ ಪಾಲಿಗೆ. ಉಳಿದವರು ಮುಟ್ಟಲು ಹೆದರುತ್ತಿದ್ದರು. "ಬೇರೆ ಗಾಡೀಲಿ ಎಣ್ಣೆ ಅಂದ್ರೆ ಜಾರಕ್ಕೆ," ಎಂದು ಅವರು ಒಮ್ಮೆ ನನಗೆ ವಿವರಿಸಿದ್ದರು. "ಇದ್ರಲ್ಲಿ ಕೆಲಸ ಮಾಡೋದೇ ಎಣ್ಣೆ ಕಣಮ್ಮ. ಗೇರು ಇಡಿಯೋದು ಅದೇ, ಬಿಡೋದು ಅದೇ. ಯಾವ್ದೋ ಎಣ್ಣೆ ಉಯ್ದ್ರೆ ಆವತ್ತೇನೂ ಆಗಲ್ಲ. ಒಂದ್ ತಿಂಗ್ಳಾದ್ಮೇಲೆ ರೋಡಲ್ಲಿ ನಿಲ್ಲಿಸ್ತದೆ."

ಮಾಲೀಕರು ಒಂದು ಸಲ ಎಲ್ಲಿಂದಲೋ ಎಣ್ಣೆಯ ಡ್ರಮ್ಮುಗಳನ್ನು ತರಿಸಿದರು. ಎಲ್ಲ ಗಾಡಿಗೂ ಇದೇ ಎಂದರು. ಮಾರನೆಯ ದಿನವೇ ಕೋಲಾರದ ವಕೀಲರೊಬ್ಬರ ಆಟೋಮ್ಯಾಟಿಕ್ ಕಾರು ಎಣ್ಣೆ ಬದಲಾಯಿಸಲು ಬಂತು. ಮೇಸ್ತ್ರಿ ಡ್ರಮ್ಮಿನ ಮೇಲಿನ ಅಕ್ಷರವನ್ನೂ ಗಾಡಿಯ ಪುಸ್ತಕವನ್ನೂ ನನ್ನಿಂದ ಓದಿಸಿದರು. ಎರಡೂ ಬೇರೆ. ಅವರು ಸೀದಾ ಮಾಲೀಕರ ಬಳಿ ಹೋಗಿ, ಈ ಎಣ್ಣೆ ನಾನು ಹಾಕುವುದಿಲ್ಲ ಎಂದರು. ಆಮೇಲೆ ನನ್ನ ಮೇಜಿನ ಹತ್ತಿರ ಬಂದು ಪೆನ್ನು ಇಸಿದುಕೊಂಡು, ಕಾರ್ಡಿನ ಕೆಳಗೆ ದೊಡ್ಡ ದೊಡ್ಡ ಅಕ್ಷರದಲ್ಲಿ 'ಈ ಗಾಡಿಗೆ ಈ ಎಣ್ಣೆ ಬೇಡ ಅಂದಿದ್ದೇನೆ' ಎಂದು ಬರೆದು ರುಜು ಹಾಕಿದರು. ಮಧ್ಯಾಹ್ನ ಮಾಲೀಕರು ಬೇರೊಬ್ಬ ಕೆಲಸಗಾರನಿಂದ ಅದೇ ಎಣ್ಣೆ ಹಾಕಿಸಿ ಗಾಡಿ ಕಳಿಸಿದರು.

ತಿಂಗಳು ಕಳೆಯುವುದರೊಳಗೆ ಆ ಕಾರು ಹಿಂದಕ್ಕೂ ಹೋಗದೆ ಮುಂದಕ್ಕೂ ಹೋಗದೆ ನಿಂತಿತು. ವಕೀಲರು ಫೋನಿನಲ್ಲೇ ಕೇಸು ಹಾಕುತ್ತೇನೆಂದರು, ನಾಳೆ ಬರುತ್ತೇನೆಂದರು. ಆ ಸಂಜೆ ಮಾಲೀಕರು ನನ್ನ ಎದುರಿನಲ್ಲೇ ಹಳೆಯ ಕಾರ್ಡನ್ನು ಹರಿದು, ಹೊಸ ಕಾರ್ಡು ಕೊಟ್ಟು ಬರೆಯಲು ಹೇಳಿದರು. ಎಣ್ಣೆ ಬದಲಾಯಿಸಿದವರು ಎಂಬಲ್ಲಿ ಮೇಸ್ತ್ರಿಯ ಹೆಸರು. ನಾನು ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದೆ. "ಬರೀತೀಯೋ, ಇಲ್ಲ ನಾಳೆಯಿಂದ ಮನೇಲಿರ್ತೀಯೋ?" ಎಂದರು. ನಾನು ಬರೆದೆ. ಯಾವಾಗಲೂ ಬರೆಯುವ ದುಂಡು ಅಕ್ಷರದಲ್ಲೇ ಬರೆದೆ.

ಮರುದಿನ ವಕೀಲರ ಮುಂದೆ ಆ ಕಾರ್ಡು ಇಟ್ಟರು. ಮೇಸ್ತ್ರಿ ಅದನ್ನು ನೋಡಿ, "ಇದು ನನ್ ಕಾರ್ಡಲ್ಲ" ಎಂದರು. ಮಾಲೀಕರು ನನ್ನ ಕಡೆ ತಿರುಗಿ, "ಇವ್ರೇ ತಾನೇನಮ್ಮ ಹಾಕಿದ್ದು?" ಎಂದು ಕೇಳಿದರು. "ಹೌದು ಸಾರ್" ಎಂದೆ. ಮೇಸ್ತ್ರಿ ನನ್ನನ್ನು ನೋಡಿದರು, ಅಷ್ಟೆ. ಆಮೇಲೆ ಗೋಡೆಯ ಮೊಳೆಗೆ ತೂಗುಹಾಕಿದ್ದ ಅಂಗಿ ತೆಗೆದು, ಗುಂಡಿ ಒಂದೊಂದಾಗಿ ಹಾಕಿಕೊಂಡು, ಸ್ಟೇಷನ್ನಿನ ಕಡೆ ನಡೆದುಹೋದರು. ಕುಡಿದು ಕೆಲಸ ಕೆಡಿಸಿದ ಎಂದು ಮಾಲೀಕರು ಬಂದವರಿಗೆಲ್ಲ ಹೇಳಿದರು. ಊರಲ್ಲಿ ಬೇರೆ ಶೆಡ್ಡಿನವರು ಯಾರೂ ಅವರನ್ನು ಸೇರಿಸಿಕೊಳ್ಳಲಿಲ್ಲ. ನಾನು ಆ ಕುರ್ಚಿಯಲ್ಲಿ ಇನ್ನೂ ಎರಡು ವರ್ಷ ಕೂತೆ, ಶೆಡ್ಡು ಮುಚ್ಚುವವರೆಗೆ. ರೈಲಿನಲ್ಲಿ ನಿಂತೇ ಹೋಗುತ್ತಿದ್ದೆ.

ಆಮೇಲೆ ನನಗೆ ರಾಬರ್ಟ್‌ಸನ್‌ಪೇಟೆಯ ಕಾಲೇಜೊಂದರಲ್ಲಿ ಗುಮಾಸ್ತೆ ಕೆಲಸವಾಯಿತು. ಕ್ಲಚ್ಚು ತುಳಿಯಲು ನನ್ನ ಎಡಗಾಲಿಗೆ ಆಗದು, ಹಾಗಾಗಿ ಹಳೆಯದೊಂದು ಆಟೋಮ್ಯಾಟಿಕ್ ಕಾರು ಕೊಂಡೆ. ಕೆಲವು ತಿಂಗಳಿಗೆ ಎರಡನೇ ಗೇರಿಗೆ ಬೀಳುವಾಗ ಬೆನ್ನಿಗೆ ಗುದ್ದಿದಂತೆ ಒಂದು ಎಗರು ಶುರುವಾಯಿತು. ಪೇಟೆಯ ಮೆಕ್ಯಾನಿಕ್ಕುಗಳೆಲ್ಲ ತಮ್ಮಿಂದಾಗದೆಂದು ಕೈಚೆಲ್ಲಿದರು. "ಮೈಸೂರು ಮೈನ್ಸಲ್ಲಿ ಒಬ್ರು ವಯಸ್ಸಾದವ್ರು ಅವ್ರೆ. ಮನೆ ಹತ್ರಾನೇ ಬಂದು ಮಾಡ್ಕೊಡ್ತಾರೆ. ಅವ್ರು ಬಿಟ್ರೆ ಬೆಂಗ್ಳೂರೇ," ಎಂದರು. ಯಾರೆಂದು ಕೇಳುವ ಅಗತ್ಯ ನನಗಿರಲಿಲ್ಲ.

ಎರಡು ವಾರ ತಡೆದೆ. ಕೊನೆಗೆ ಒಂದು ಬೆಳಿಗ್ಗೆ ಹೋದೆ. ಮೇಸ್ತ್ರಿ ಬಾಗಿಲ ಮುಂದೆ ಕೂತು ಸ್ಕೂಟರಿನ ಕಾರ್ಬುರೇಟರ್ ತೊಳೆಯುತ್ತಿದ್ದರು. ಪಕ್ಕದಲ್ಲಿ ಅವರ ಹೆಂಡತಿ ಸೊಪ್ಪು ಬಿಡಿಸುತ್ತಿದ್ದರು. ಮೇಸ್ತ್ರಿಯ ಕೂದಲು ಪೂರ್ತಿ ಬೆಳ್ಳಗಾಗಿತ್ತು, ಕೆಮ್ಮು ಸೇರಿಕೊಂಡಿತ್ತು. ನಾನು ಗಾಡಿಯ ವಿಷಯ ಹೇಳಿದೆ, ಇನ್ನೇನೂ ಹೇಳಲಿಲ್ಲ. ಅವರು ಕಾರ್ಬುರೇಟರಿನ ತೂತು ಊದಿ, "ಬಾನುವಾರ ಬತ್ತೀನಿ" ಎಂದರು. ನಾನು ಕೈ ಮುಗಿದೆ. "ನಿನ್ ಮಕ ನೋಡಿ ಬರ್ತಿಲ್ಲ. ಗಾಡಿ ಏನ್ ತಪ್ಪು ಮಾಡೈತೆ" ಎಂದರು.

ಭಾನುವಾರ ಹೇಳಿದ ಹೊತ್ತಿಗೆ ಬಂದರು. ಕೆಲಸ ಶುರುಮಾಡುತ್ತಾರೆಂದು ನಾನು ಪಕ್ಕಕ್ಕೆ ನಿಂತರೆ, ಒಂದು ಗೋಣಿಚೀಲವನ್ನು ಗಾಡಿಯ ಕೆಳಗೆ ಹಾಸಿ, "ಮಲಿಕ್ಕೋ" ಎಂದರು.

"ನಾನಾ?"

"ನೀನೇ. ಮಲಿಕ್ಕೊಂಡು ಮಾಡೋ ಕೆಲ್ಸ ಇದು. ಕಾಲಿಗೂ ಬೋಲ್ಟಿಗೂ ಏನ್ ಸಂಬಂಧ? ಇನ್ನೊಂದ್ ಸಲ ನನ್ನ ಕರೀಬಾರ್ದು ನೀನು. ಅದ್ಕೇ ಕಲಿಸ್ತಿರೋದು."

ಅವರು ಕಲಿಸಿದ ಒಂದೊಂದು ಹೆಜ್ಜೆಯೂ ನನಗೆ ನೆನಪಿದೆ. ಮೊದಲು ಗಾಡಿಯನ್ನು ಊರಾಚೆ ಗಣಿಯ ಕಸ ಸುರಿದ ಸೈನೈಡ್ ದಿಬ್ಬದವರೆಗೆ ಓಡಿಸಿಕೊಂಡು ಬಂದು ಎಣ್ಣೆ ಬೆಚ್ಚಗೆ ಮಾಡಿದೆವು. ತಣ್ಣಗಿದ್ದರೆ ಕೊಳೆ ತಳದಲ್ಲೇ ಉಳಿಯುತ್ತದೆ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕು ಎತ್ತಿ, ಕೆಳಗೆ ಗಾಡಿಯ ಭಾರ ಹೊರಲು ಎರಡು ಕಬ್ಬಿಣದ ಕುದುರೆಗಳನ್ನು ನಿಲ್ಲಿಸಿ, ಗಾಡಿಯನ್ನು ಕೈಯಿಂದ ತಳ್ಳಿ ಅಲ್ಲಾಡುವುದಿಲ್ಲವೆಂದು ಖಾತ್ರಿಮಾಡಿಕೊಂಡ ಮೇಲೆಯೇ ನನ್ನನ್ನು ಒಳಗೆ ಬಿಟ್ಟರು. ತಾವೂ ಪಕ್ಕದಲ್ಲಿ ಮಲಗಿದರು. ನಾನು ಬೋಲ್ಟು ಸಡಿಲಿಸಿದೆ. ಬಿಸಿ ಎಣ್ಣೆ ಮೊಣಕೈವರೆಗೆ ಇಳಿಯಿತು. ಕೆಂಪಾಗಿರಬೇಕಾದದ್ದು ಕಷಾಯದ ಬಣ್ಣಕ್ಕೆ ತಿರುಗಿತ್ತು. ಬೋಲ್ಟಿನ ತುದಿಯ ಅಯಸ್ಕಾಂತಕ್ಕೆ ಬೂದು ಮಣ್ಣಿನಂಥದ್ದು ಅಂಟಿತ್ತು. ಅವರು ಅದನ್ನು ಉಜ್ಜಿ ನೋಡಿದರು. "ಇಂಗೆ ಮೆತ್ತಗಿದ್ರೆ ವಯಸ್ಸಾಗೈತೆ ಅಂತ. ಚೂರು ಸಿಕ್ಕಿದ್ರೆ ಕಾಯ್ಲೆ. ನಿಂದು ಬದುಕ್ತದೆ."

ಎಣ್ಣೆ ಸೋರುವಷ್ಟು ಹೊತ್ತು ಇಬ್ಬರಿಗೂ ಕೆಲಸವಿರಲಿಲ್ಲ. ಮಲಗಿದ್ದ ಹಾಗೇ ನಾನು, "ಮೇಸ್ತ್ರಿ, ಆವತ್ತು..." ಎಂದೆ.

"ಟಾರ್ಚು ಇತ್ಲಾಗೆ ಇಡಿ" ಎಂದರು.

ಹಿಡಿದೆ. ಎಣ್ಣೆಯ ಧಾರೆ ತೆಳುವಾದ ಮೇಲೆ ಅವರೇ, ಗಾಡಿಯ ತಳವನ್ನು ನೋಡುತ್ತಲೇ ಹೇಳಿದರು: "ಅವ್ನು ಬರಿ ಅಂದ, ನೀನು ಬರ್ದೆ. ಅವ್ನ ಮೇಲೆ ನಂಗೆ ಕ್ವಾಪ ಇಲ್ಲ, ಅವ್ನು ಅಂಥೋನೇ. ನಿನ್ ಮೇಲೈತೆ. ಅದು ಓಗಲ್ಲ. ಮರ್ತವ್ನೆ ಅಂದ್ಕೊಂಡು ಕಾಪಿ ಗೀಪಿ ತರಬೇಡ."

"ಈಗ ನಾನೇನು ಮಾಡಲಿ, ಹೇಳಿ."

"ಬೋಲ್ಟು ಬಿಗಿ. ಒಸ ವಾಷರ್ ಆಕು. ಜಾಸ್ತಿ ಬಿಗೀಬೇಡ, ಬೋಲ್ಟಿನ ತ್ರೆಡ್ಡು ಓಗ್ತದೆ."

ಇಳಿದ ಎಣ್ಣೆಯನ್ನು ನೀರಿನ ಖಾಲಿ ಬಾಟಲಿಗಳಿಗೆ ತುಂಬಿ ಅಳೆಸಿದರು. ಎಷ್ಟು ಬಂತೋ ಅಷ್ಟೇ ಹೊಸದು ಹಾಕಬೇಕು. ಅಳತೆ ಕಡ್ಡಿಯ ಕೊಳವೆಗೆ ಉದ್ದನೆಯ ಆಲಿಕೆ ಇಟ್ಟು ನಿಧಾನವಾಗಿ ಸುರಿಸಿದರು. ಡಬ್ಬದ ಮೇಲಿನ ಹೆಸರನ್ನು ಸುರಿಯುವ ಮೊದಲು ನನ್ನಿಂದ ಮೂರು ಸಲ ಗಟ್ಟಿಯಾಗಿ ಓದಿಸಿದರು. ಗಾಡಿ ಇಳಿಸಿ, ಇಂಜಿನ್ ಚಾಲೂ ಮಾಡಿ, ಬ್ರೇಕು ತುಳಿದುಕೊಂಡು ಒಂದೊಂದು ಗೇರಿಗೂ ಹಾಕಿ ತೆಗೆಸಿದರು. ಕಡ್ಡಿ ಒರೆಸಿ ಅದ್ದಿ ತೆಗೆದಾಗ ಎಣ್ಣೆ ಎರಡು ಗುರುತುಗಳ ನಡುವೆ ನಿಂತಿತ್ತು. ಒಂದೇ ಸಲಕ್ಕೆ ಹಳೆಯದೆಲ್ಲ ಬರುವುದಿಲ್ಲ, ಅರ್ಧಕ್ಕಿಂತ ಹೆಚ್ಚು ಒಳಗೇ ಉಳಿದಿರುತ್ತದೆ, ಸಾವಿರ ಕಿಲೋಮೀಟರಾದ ಮೇಲೆ ಇನ್ನೊಂದು ಸಲ ನೀನೇ ಮಾಡು ಎಂದರು. ಹಳೆಯ ಎಣ್ಣೆಯನ್ನು ಮೋರಿಗೆ ಚೆಲ್ಲಲು ಹೊರಟ ನನ್ನನ್ನು ತಡೆದು, "ಅಳೇ ಎಣ್ಣೆ ಕೊಳ್ಳೋ ಅಂಗಡಿಗೆ ಕೊಡು. ಈ ಊರ ಮಣ್ಣಿಗೆ ಸುರ್ದಿರೋದು ಸಾಲ್ದಾ?" ಎಂದು ಬೈದರು.

ಹೋಗುವಾಗ ತಮ್ಮ ಚೀಲದಲ್ಲಿದ್ದ ಬಾಟಲಿಯಿಂದಲೇ ನೀರು ಕುಡಿದರು.

ಎರಡನೇ ಸಲ ನಾನೊಬ್ಬಳೇ ಮಾಡಿದೆ. ಎಗರು ನಿಂತುಹೋಯಿತು. ಹೇಳಿಕೊಳ್ಳಲು ಆಸೆಯಾಗಿ ಒಂದೆರಡು ಸಲ ಮೈಸೂರು ಮೈನ್ಸಿನ ದಾರಿ ಹಿಡಿದು, ಕರೀಬಾರದು ಅಂದಿದ್ದಾರಲ್ಲ ಎಂಬ ನೆಪ ಮಾಡಿಕೊಂಡು ಅರ್ಧ ದಾರಿಯಲ್ಲಿ ಹಿಂತಿರುಗಿದೆ. ಈಗ ಯೋಚಿಸಿದರೆ ಅವರು ಹೇಳಿದ್ದು ಗಾಡಿಗಾಗಿ ಕರೀಬಾರದು ಎಂದು. ಬರಬಾರದು ಎಂದು ಅವರು ಹೇಳಿರಲಿಲ್ಲ.

ಹೋದ ವರ್ಷ ಆಟೋದವರೊಬ್ಬರ ಬಾಯಿಂದ ಸುದ್ದಿ ತಿಳಿಯಿತು. ಕೆಮ್ಮು ಎದೆಗೆ ಇಳಿದು ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದರಂತೆ. ನನಗೆ ಗೊತ್ತಾಗುವ ಹೊತ್ತಿಗೆ ಮಣ್ಣು ಮಾಡಿ ವಾರ ಕಳೆದಿತ್ತು. ಹೋದೆ. ಅವರ ಹೆಂಡತಿ ಬಾಗಿಲಲ್ಲಿ ಒಬ್ಬರೇ ಕೂತಿದ್ದರು. ಚಾಪೆ ಕೊಟ್ಟು, "ಗಾಡಿ ಎಣ್ಣೆಗೆ ಬಂದಿದ್ದೋರು ಅಲ್ವಾ?" ಎಂದರು. ಹೌದೆಂದೆ. ಬಂಗಾರಪೇಟೆ ಶೆಡ್ಡಿನಲ್ಲಿ ಬರೆಯುತ್ತಿದ್ದವಳೂ ನಾನೇ ಎಂದೆ.

ಆಕೆ ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿ ಕೂತರು. "ಅಂಗಾದ್ರೆ ನೀವೇ ನಿಜ ಏಳಿ. ಆ ಲಾಯರ್ ಗಾಡಿ ಕೆಡಿಸಿದ್ದು ಇವ್ರೇನಾ? ಕುಡ್ದು ಮಾಡಿದ್ರಾ?"

ಇಷ್ಟು ವರ್ಷ ಬಾಯಿಗೆ ಬಾರದ್ದು ಆಗ ಸಲೀಸಾಗಿ ಬಂತು. ಹರಿದ ಕಾರ್ಡು, ಹೊಸ ಕಾರ್ಡು, ವಕೀಲರ ಮುಂದೆ ನಾನಂದ 'ಹೌದು ಸಾರ್', ಎಲ್ಲವನ್ನೂ ಹೇಳಿದೆ. ಅವರು ಆ ಗಾಡಿಯನ್ನು ಮುಟ್ಟಲೇ ಇಲ್ಲ ಎಂದೆ. ಆಕೆ ಅಳುತ್ತಾರೆ, ಇಲ್ಲವೇ ಬೈಯುತ್ತಾರೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ.

"ಇದ್ನೇ ಅವ್ರು ಏಳ್ತಿದ್ರು," ಎಂದರು. "ನಾನು ನಂಬ್ಲಿಲ್ಲ. ಮನೇಲಿ ಅಕ್ಕಿ ಇಲ್ದಾಗೆಲ್ಲ ಕುಡ್ಕ ಅಂತ ಮಕದ ಮೇಲೇ ಅಂದೆ. ಮಗಳೂ ಅದನ್ನೇ ನಂಬ್ಕೊಂಡು ಮಾತು ಬಿಟ್ಲು. ಸುಮ್ನೆ ಕೂತು ಕೇಳಿಸ್ಕೊಳ್ಳೋರು." ಆಮೇಲೆ ಕೋಪವಿಲ್ಲದ ದನಿಯಲ್ಲಿ ಕೇಳಿದರು: "ಗಾಡಿಗೆ ಅಂತ ಬಂದ್ರಲ್ಲ ಆವತ್ತು, ನಾನೂ ಇಲ್ಲೇ ಕೂತಿದ್ದೆ. ಈ ಮಾತು ಆಗ್ಲೇ ಏಳಿದ್ದಿದ್ರೆ ನಿಮ್ಗೇನಾಗ್ತಿತ್ತು?"