ಗಿರಿಜಕ್ಕನ ಸ್ಕ್ರೂಡ್ರೈವರ್ ಆಯ್ಕೆ

ಒಂದು ಸ್ಕ್ರೂಡ್ರೈವರ್ ಕೊಳ್ಳಲು ಯಾರಾದರೂ ಅರ್ಧ ದಿನ ರಜೆ ಹಾಕಿದ್ದನ್ನು ಕೇಳಿದ್ದೀರಾ? ಕಳೆದ ವಾರ ನಾನು ಹಾಕಿದೆ. ಮ್ಯಾನೇಜರ್ ಕಾರಣ ಕೇಳಿದರು. ಹೇಳಿದೆ. ಅವರು ನಂಬಲಿಲ್ಲ. (ಅವರದೇನೂ ತಪ್ಪಿಲ್ಲ ಬಿಡಿ.)

ನನ್ನ ಅಕ್ಕ ಗಿರಿಜಾ ಕಂಪ್ಲಿಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಾಳೆ. ಟೈಪ್‌ರೈಟರ್ ಕೇಳುವವರು ಕಡಿಮೆಯಾದ ಮೇಲೆ ನಾಲ್ಕು ಕಂಪ್ಯೂಟರ್ ತಂದಿಟ್ಟಳು. ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು ಬರತೊಡಗಿದರು. ಎಲ್ಲ ಚೆನ್ನಾಗಿಯೇ ಇತ್ತು. ಆಮೇಲೆ ಒಂದು ಮೆಷಿನ್ ಸತ್ತಿತು. ಹಿಂದೆಯೇ ಇನ್ನೊಂದು. ಮೂರನೆಯದು ಆನ್ ಮಾಡಿದರೆ ಬರೀ ಕೂಗುತ್ತದೆ, ಪರದೆಯ ಮೇಲೆ ಏನೂ ಬರುವುದಿಲ್ಲ. ಸರಿಯಾಗಿ ಓಡುವುದು ಒಂದೇ ಉಳಿಯಿತು.

ರಿಪೇರಿಗೆ ಹೊಸಪೇಟೆಯಿಂದ ಒಬ್ಬ ಮೆಕ್ಯಾನಿಕ್ ಹೋಗುತ್ತಿದ್ದ. ಅವನು ಈಗ ಸಂಡೂರಿನ ಗಣಿ ಆಫೀಸೊಂದರಲ್ಲಿ ಪರ್ಮನೆಂಟ್. ಈಗ ನಮ್ಮ ಕಡೆ ಯಾರನ್ನು ಹುಡುಕಿದರೂ ಇದೇ ಉತ್ತರವಲ್ಲವೇ? ಡ್ರೈವರ್ ಎಲ್ಲಿ? ಗಣಿಗೆ. ವೆಲ್ಡರ್ ಎಲ್ಲಿ? ಗಣಿಗೆ. ಅಡುಗೆಯವರೂ ಗಣಿ ಕ್ಯಾಂಟೀನಿಗೆ! ಸಿಟ್ಟು ಮಾಡಿಕೊಳ್ಳುವ ಹಾಗೂ ಇಲ್ಲ. ಅವರೂ ಬದುಕಬೇಕು.

ಆದರೆ ಅಕ್ಕನ ಕಷ್ಟ ಬೇರೆ. ಪರೀಕ್ಷೆ ಹತ್ತಿರ ಬಂದಿತ್ತು. ಕಂಪ್ಲಿಯಲ್ಲಿ ಕ್ಲಾಸ್ ನಿಂತರೆ ಹುಡುಗಿಯರು ಹೊಸಪೇಟೆಗೆ ಬರಬೇಕು. ಅದಿರು ಲಾರಿಗಳ ಆ ರಸ್ತೆಯಲ್ಲಿ ಯಾವ ತಂದೆತಾಯಿ ದಿನಾ ಕಳಿಸುತ್ತಾರೆ? ಎಮ್ಮಿಗನೂರಿನ ರೇಣುಕಾ ಎಂಬ ಹುಡುಗಿಯ ಅಪ್ಪ ಆಗಲೇ ಹೇಳಿ ಕಳಿಸಿದ್ದರಂತೆ: ಮೆಷಿನ್ ಇಲ್ಲದ ಮೇಲೆ ಕಲಿಯುವುದೇನು, ಮನೆಯಲ್ಲಿರಲಿ ಎಂದು. ಮನೆಯಲ್ಲಿ ಕುಳಿತ ಹುಡುಗಿ ಮತ್ತೆ ಕ್ಲಾಸಿಗೆ ಬರುವುದಿಲ್ಲ ಎನ್ನುವುದು ಅಕ್ಕನಿಗೆ ಚೆನ್ನಾಗಿ ಗೊತ್ತು.

ಫೋನ್ ಮಾಡಿದಳು. ಮೆಕ್ಯಾನಿಕ್ ಹುಡುಕಿ ಕೊಡು ಅನ್ನುತ್ತಾಳೆಂದುಕೊಂಡೆ. ಆದರೆ ಅವಳು ಅಂದದ್ದು, "ಮೆಷಿನ್ ಬಿಚ್ಚೋ ಸಾಮಾನು ತಗೋಬೇಕು, ನನ್ನ ಜೋಡಿ ಬಾ."

ಹೀಗೆ ನಾವಿಬ್ಬರೂ ಹೊಸಪೇಟೆ ಬಸ್ ಸ್ಟ್ಯಾಂಡಿನ ಹಿಂದಿನ ಕಂಪ್ಯೂಟರ್ ಸಾಮಾನಿನ ಅಂಗಡಿಗೆ ಹೋದೆವು. ಅಂಗಡಿಯವರು ನನ್ನತ್ತ ತಿರುಗಿ, ಏನು ಬೇಕು ಸರ್ ಅಂದರು. ನಾನು ಅಕ್ಕನನ್ನು ತೋರಿಸಿದೆ. ಅವರು ಅಕ್ಕನ ಮಾತು ಕೇಳಿಸಿಕೊಂಡು ಉತ್ತರವನ್ನು ಮತ್ತೆ ನನಗೇ ಕೊಟ್ಟರು!

ಮೊದಲು ಬಂದದ್ದು ಸೂಟ್‌ಕೇಸಿನಂಥ ಪೆಟ್ಟಿಗೆ. ತೆರೆದರೆ ಸಾಲುಸಾಲು ಹೊಳೆಯುವ ಸಾಮಾನು. ಸುತ್ತಿಗೆಯೂ ಇತ್ತು. (ಕಂಪ್ಯೂಟರಿಗೆ ಸುತ್ತಿಗೆ ಯಾಕೆ? ಕೆಲವು ಸಲ ಹೊಡೆಯಬೇಕು ಅನಿಸುವುದೇನೋ ನಿಜ.) ನಾನಾಗಿದ್ದರೆ ಆಗಲೇ ಪ್ಯಾಕ್ ಮಾಡಿಸುತ್ತಿದ್ದೆ. ಪೆಟ್ಟಿಗೆ ದೊಡ್ಡದಾದಷ್ಟೂ ಧೈರ್ಯ ಹೆಚ್ಚು ಎಂದು ನಂಬಿದವನು ನಾನು. ಅಕ್ಕ ಒಂದೊಂದನ್ನೇ ಎತ್ತಿ, ಇದು ಯಾತಕ್ಕೆ ಎಂದು ಕೇಳುತ್ತಾ ಹೋದಳು. ಅರ್ಧ ಸಾಮಾನು ಯಾತಕ್ಕೆಂದು ಅಂಗಡಿಯವರಿಗೂ ಗೊತ್ತಿರಲಿಲ್ಲ.

"ಇರ್ಲಿ ತಗೋರಿ ಮೇಡಂ, ಮುಂದ ಬೇಕಾಗ್ತತಿ."

"ಮುಂದಿಂದು ಮುಂದ ತಗೊಂತೀನ್ರಿ. ನಾಳಿ ಮುಂಜಾನಿಗೆ ಬೇಕಾಗಿದ್ದು ಕೊಡ್ರಿ."

ಹಾಗೆ ಅಂದವಳು, ಒಂದು ಹಳೇ ಕ್ಯಾಬಿನೆಟ್ ಇದ್ದರೆ ಬಿಚ್ಚಿ ನೋಡಿಯೇ ಕೊಳ್ಳುತ್ತೇನೆ ಎಂದಳು. ಸೀರೆ ಅಂಗಡಿಯಲ್ಲಿ ಸೆರಗು ಬಿಡಿಸಿ ನೋಡುವುದಿಲ್ಲವೇ, ಹಾಗೆ. ಅಂಗಡಿಯವರಿಗೆ ಇದು ಹೊಸದು. ಆದರೂ ಅಟ್ಟದಿಂದ ಗುಜರಿ ಕ್ಯಾಬಿನೆಟ್ ಇಳಿಸಿದರು. ಪೆಟ್ಟಿಗೆಯ ಸ್ಕ್ರೂಡ್ರೈವರಿನ ಮೊನೆ ಎರಡನೇ ಸ್ಕ್ರೂಗೇ ಜಾರತೊಡಗಿತು. ಅವರಿಗೂ ಮುಜುಗರವಾಯಿತು. ಒಳಗಿನಿಂದ ಬಿಡಿಯಾಗಿ ಮಾರುವ, ದಪ್ಪ ಹಿಡಿಯ ಸ್ಟಾರ್ ಸ್ಕ್ರೂಡ್ರೈವರ್ ತಂದರು. ಮೊನೆಗೆ ಅಯಸ್ಕಾಂತವಿತ್ತು, ಸ್ಕ್ರೂ ಒಳಗೆ ಬೀಳುವುದಿಲ್ಲ. ಆದರೆ ಆ ಮೊನೆಗೆ ಆಗಲೇ ಕಪ್ಪು ಮೀಸೆ ಬೆಳೆದಿತ್ತು, ಸಣ್ಣ ಪುಡಿಯದು.

"ನಮ್ಮೂರ ಗಾಳ್ಯಾಗ ಕಬ್ಬಿಣ ಐತ್ರಿ ಮೇಡಂ. ಒರೆಸಿಕೊಂಡು ಕೆಲಸ ಮಾಡ್ರಿ."

ಈ ಹೊತ್ತಿಗೆ ಅವರು ನನ್ನನ್ನು ಮರೆತು ಅಕ್ಕನ ಜತೆಯೇ ಮಾತಾಡುತ್ತಿದ್ದರು. ಮೊದಲು ಪ್ಲಗ್ ಕೀಳಬೇಕು, ಕೈ ಹಾಕುವ ಮುಂಚೆ ಕ್ಯಾಬಿನೆಟ್ಟಿನ ತಗಡು ಮುಟ್ಟಬೇಕು, ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಬಿಚ್ಚಲೇಬಾರದು ಎಂದೆಲ್ಲ ಹೇಳಿದರು. ರ್‍ಯಾಮ್ ಅನ್ನುವ ಉದ್ದನೆಯ ಪಟ್ಟಿಯನ್ನು ತೆಗೆದು ಹಾಕುವುದನ್ನು ಅವಳ ಕೈಯಿಂದಲೇ ಮಾಡಿಸಿದರು. ಮೊದಲ ಸಲ ಪಟ್ಟಿ ವಾರೆಯಾಗಿ ಕೂತಿತು. ಎರಡನೇ ಸಲ ನೆಟ್ಟಗೆ ಕೂತಿತು. ಸ್ಕ್ರೂಡ್ರೈವರ್, ಚೂಪು ಮೂತಿಯ ಇಕ್ಕಳ, ಚಿಮುಟ, ಮೆತ್ತನೆಯ ಬ್ರಷ್, ಕರೆಂಟ್ ನೋಡುವ ಮೀಟರ್. ಎಲ್ಲ ಅವಳ ವ್ಯಾನಿಟಿ ಬ್ಯಾಗಿನಲ್ಲೇ ಹಿಡಿಸಿದವು.

ಮರುದಿನ ಭಾನುವಾರ. ನಾನೂ ಕಂಪ್ಲಿಗೆ ಹೋದೆ, ಟಾರ್ಚ್ ಹಿಡಿಯುವ ಹುದ್ದೆಗೆ. ಬಳೆಗಳನ್ನು ಮೇಲಕ್ಕೆ ಸರಿಸಿ ಅಕ್ಕ ಮೊದಲ ಮೆಷಿನ್ ಬಿಚ್ಚಿದಳು. ಒಳಗೆ ಫ್ಯಾನೇ ಕಾಣಲಿಲ್ಲ! ಪಕ್ಕದ ರೈಸ್‌ಮಿಲ್ಲಿನ ಹೊಟ್ಟಿನ ಧೂಳು ಗುಬ್ಬಿ ಗೂಡಿನ ಹಾಗೆ ಕೂತಿತ್ತು. ಬ್ರಷ್ ಹಾಕಿ ತೆಗೆದಳು. ಆನ್ ಮಾಡಿದಳು. ಏನೂ ಇಲ್ಲ. ಎರಡನೆಯದನ್ನು ತೆರೆದರೆ ಸುಟ್ಟ ವಾಸನೆ. ತಿಳಿಯದ್ದನ್ನು ಕೆಣಕಬಾರದೆಂದು ಮುಚ್ಚಿಟ್ಟಳು. ಅವಳ ಮುಖ ಸಣ್ಣದಾಯಿತು. ಯಾಕಾದರೂ ಕೈ ಹಾಕಿದೆನೋ ಅಂದಳು. ನಾನು ಟಾರ್ಚನ್ನು ಮೂರನೆಯದರ ಕಡೆ ತಿರುಗಿಸಿದೆ.

ಕೂಗುವ ಮೆಷಿನ್ ಉಳಿದಿತ್ತು. ಅಷ್ಟರಲ್ಲಿ ರೇಣುಕಾ ಬಂದಳು, ಹಿಂದೆ ಅವಳಪ್ಪ. ಕಟ್ಟಿದ ಫೀಸಿನ ಲೆಕ್ಕ ಕೇಳಲು ಬಂದಿರಲಿಲ್ಲ. ಮಗಳನ್ನು ಬಿಡಿಸಿಕೊಂಡು ಹೋಗುವುದನ್ನು ಮರ್ಯಾದೆಯಿಂದ ಎದುರಿಗೇ ಹೇಳಿಹೋಗಲು ಬಂದಿದ್ದರು. ಅಕ್ಕ ಕುಂದ್ರಿ ಅಂದಳು. ಸ್ಕ್ರೂಡ್ರೈವರನ್ನು ರೇಣುಕಾಳ ಕೈಗೆ ಕೊಟ್ಟಳು.

"ಆಕಿಗೆ ಶಾಕ್ ಹೊಡಿಯಂಗಿಲ್ಲೇನ್ರಿ?" ಅಪ್ಪ ಎದ್ದು ನಿಂತರು. ರೇಣುಕಾ ಕಿತ್ತ ಪ್ಲಗ್ಗನ್ನು ಎತ್ತಿ ತೋರಿಸಿದಳು. ಅವರು ಮತ್ತೆ ಕೂತರು.

ಅಕ್ಕ ಹೇಳುತ್ತಾ ಹೋದಳು, ಹುಡುಗಿ ಮಾಡುತ್ತಾ ಹೋದಳು. ರ್‍ಯಾಮ್ ತೆಗೆದು ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿದಳು. (ಅದೂ ಅಂಗಡಿಯವರು ಹೇಳಿಕೊಟ್ಟದ್ದೇ. ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ರಬ್ಬರಿಗೆ ಬರವೇ?) ತಿರುಗಿ ಕೂರಿಸಿ ಎರಡು ಹೆಬ್ಬೆರಳಲ್ಲಿ ಒತ್ತಿದಳು. ಟಕ್ ಅಂದಿತು. ಸ್ವಿಚ್ ಹಾಕಿದರೆ ಒಂದೇ ಒಂದು ಸಣ್ಣ ಬೀಪ್. ಪರದೆಯ ಮೇಲೆ ಬಿಳಿ ಅಕ್ಷರಗಳು ಓಡತೊಡಗಿದವು. ರೇಣುಕಾ ಆ ಸ್ಕ್ರೂಡ್ರೈವರ್ ಕೆಳಗಿಡುವುದನ್ನೇ ಮರೆತಿದ್ದಳು.

ಅದೇ ಉಪಾಯದಿಂದ ಮೊದಲನೆಯದೂ ಎದ್ದಿತು. ಸುಟ್ಟ ವಾಸನೆಯದು ಹಾಗೇ ಇದೆ, ಹೊಸ ಪವರ್ ಸಪ್ಲೈ ತಂದು ಹಾಕಿದರೆ ಆದೀತು ಅಂತಾಳೆ ಅಕ್ಕ. ಸೋಮವಾರದಿಂದ ಕ್ಲಾಸ್ ಶುರುವಾಗಿದೆ.

ರೇಣುಕಾಳ ಅಪ್ಪನ ವಿಷಯ ಹೇಳಲಿಲ್ಲ ಅಲ್ಲವೇ? ಚಹಾ ಕುಡಿದು ಎದ್ದರು. ಬಂದ ಕೆಲಸದ ಮಾತೇ ತೆಗೆಯಲಿಲ್ಲ. ಬಾಗಿಲ ಹತ್ತಿರ ನಿಂತು ಅಕ್ಕನನ್ನು ಕೇಳಿದರು:

"ನಮ್ಮ ಪಂಪ್‌ಸೆಟ್ ಸ್ಟಾರ್ಟರ್ ಭಾಳ ಕಾಟ ಕೊಡ್ತತ್ರಿ. ಅದನ್ನೂ ಈಕಿಗೆ ಕಲಿಸಾಕ ಬರ್ತತೇನ್ರಿ?"

ಮಗಳು ರಿಪೇರಿ ಮಾಡಿದ್ದನ್ನು ಒಮ್ಮೆ ಕಣ್ಣಾರೆ ಕಂಡ ಅಪ್ಪ, ಇನ್ನು ಅವಳನ್ನು ಮನೆಯಲ್ಲಿ ಕೂರಿಸಿಯಾರೇ?